ಪಾರವ್ವನ ಉಲ್ಟಾ ಪುಸ್ತಕ

ನನಗೊಂದು ಹೆದರಿಕೆ ಇದೆ. ಹೇಳಿದರೆ ನೀವು ನಗುತ್ತೀರಿ, ಆದರೂ ಹೇಳಿಬಿಡುತ್ತೇನೆ. ಹೆಸರೇ ಗೊತ್ತಿಲ್ಲದ, ಬರೆದವರು ಯಾರೆಂದೂ ಗೊತ್ತಿಲ್ಲದ ಒಂದು ಜಪಾನಿ ಪುಸ್ತಕವನ್ನು ಯಾರಾದರೂ ಪುಣ್ಯಾತ್ಮರು ಇಂಗ್ಲಿಷಿಗೋ ಕನ್ನಡಕ್ಕೋ ಅನುವಾದ ಮಾಡಿಬಿಟ್ಟಾರು ಎಂಬ ಹೆದರಿಕೆ.

ಮೊನ್ನೆ ನಮ್ಮ ಮಹಡಿಯ ಮೇಲೆ ಬಾಡಿಗೆಗಿರುವವರ ಮಗಳು ಕೆಳಗೆ ಬಂದು ಮುಖ ಊದಿಸಿಕೊಂಡು ಕೂತಳು. ಕಾಲೇಜು ಓದುವ ಹುಡುಗಿ. ಏನಾಯಿತೆಂದು ಕೇಳಿದರೆ, ಒಳ್ಳೊಳ್ಳೆ ಮಾಂಗಾ ಎಲ್ಲ ಜಪಾನಿನಲ್ಲೇ ಉಳಿದುಬಿಡುತ್ತವೆ, ಹೊರದೇಶದವರಿಗೆ ಯಾರೂ ಅನುವಾದ ಮಾಡಿಕೊಡುವುದಿಲ್ಲ, ಹಾಳುಮೂಳು ಮಾತ್ರ ನಮ್ಮ ಪಾಲಿಗೆ ಬರುತ್ತವೆ ಎಂದಳು. ನನ್ನ ಕಿವಿ ಈಗೀಗ ಅಷ್ಟಕ್ಕಷ್ಟೆ. ಮಾಂಗಾ ಎಂದದ್ದು ನನಗೆ ಮಂಗ್ಯಾ ಎಂದು ಕೇಳಿಸಿತು. ಜಪಾನಿನ ಮಂಗ್ಯಾ ನಮಗ್ಯಾಕವಾ, ನಮ್ಮ ಓಣಿಯ ಮಂಗ್ಯಾನೇ ಹಂಚು ಒಡೆದು ಸಾಕುಮಾಡ್ಯಾವು ಎಂದೆ. ಹುಡುಗಿ ಸಿಟ್ಟು ಮರೆತು ನಕ್ಕಳು. ಮಾಂಗಾ ಎಂದರೆ ಚಿತ್ರದ ಕಥೆ, ಬಲಗಡೆಯಿಂದ ಎಡಗಡೆಗೆ ಓದಬೇಕು ಎನ್ನುತ್ತ ಫೋನು ನನ್ನ ಮುಂದೆ ಹಿಡಿದಳು. ಮುಖದ ಅರ್ಧ ಕಣ್ಣೇ ಆಗಿರುವ ಒಬ್ಬ ಹುಡುಗಿ, ಚೂಪು ಗದ್ದ, ಮಾತು ತುಂಬಿದ ಗುಳ್ಳೆಗಳು. ಇಂಥ ಕಣ್ಣನ್ನು ನಾನು ಐವತ್ತು ವರ್ಷಗಳ ಹಿಂದೆ ಸವಣೂರಿನಲ್ಲಿ ನೋಡಿದ್ದೆ.

ಹೆದರಿಕೆಯ ವಿಷಯದಲ್ಲಿ ನಾನು ಹುಟ್ಟಾ ಪ್ರತಿಭಾವಂತೆ. ಹಳೇ ಮಸೀದಿಯ ಬಾವಲಿಗಳಿಗೆ ಹೆದರುತ್ತಿದ್ದೆ. ಮಠದ ಆವರಣದ ದೊಡ್ಡಹುಣಸೆ ಮರಗಳ ಬುಡ ಆನೆಗಿಂತ ದಪ್ಪ, ಅದರೊಳಗೆ ಯಾರೋ ಕುಂತಿದ್ದಾರೆಂದು ಹೆದರುತ್ತಿದ್ದೆ. ಅಪ್ಪ ಎಲೆತೋಟದಲ್ಲಿ ಕೆಲಸ ಮಾಡುತ್ತಿದ್ದ; ಚಪ್ಪಲಿ ಕಳಚಿಟ್ಟು ಬರಿಗಾಲಲ್ಲಿ ಒಳಗೆ ಹೋಗಬೇಕು. ಎಲೆಬಳ್ಳಿಯ ಆ ತಂಪು ಕತ್ತಲೆಯಲ್ಲಿ ನನ್ನ ಕಾಲು ಒಂದೊಂದು ಕಡ್ಡಿಯನ್ನೂ ಹಾವೆಂದೇ ತಿಳಿಯುತ್ತಿತ್ತು. ನಮ್ಮ ಮನೆಯಲ್ಲಿ ಧೈರ್ಯವನ್ನೆಲ್ಲ ಗುತ್ತಿಗೆ ಹಿಡಿದವಳು ನನ್ನ ಅಕ್ಕ ಗಿರಿಜಾ. ನನಗಿಂತ ಐದು ವರ್ಷ ದೊಡ್ಡವಳು, ಗಣಿತದಲ್ಲಿ ಗಂಡುಹುಡುಗರನ್ನೂ ಹಿಂದೆ ಹಾಕುವವಳು. ಗಣಿತ ನನಗೆ ಬಾವಲಿಗಿಂತ ದೊಡ್ಡ ಭೂತ.

ನಮ್ಮ ಪಕ್ಕದ ಮನೆ ಜೈತುನ್ ಖಾಲಾಳದು, ನಮಗೆ ಚಿಕ್ಕಮ್ಮನಂತೆ. ಅವಳ ಗಂಡ ಬಸ್ ಸ್ಟ್ಯಾಂಡಿನ ಹತ್ತಿರ ಎಣ್ಣೆಯಲ್ಲಿ ಕರಿದ ಖಾರದ ಅಂಗಡಿ ಇಟ್ಟಿದ್ದ. ಸವಣೂರಿನ ಖಾರದ ರುಚಿ ನಾನು ಹೇಳಿ ತಿಳಿಯುವಂಥದ್ದಲ್ಲ, ತಿಂದವರಿಗೆ ಗೊತ್ತು. ಖಾರ ಕಟ್ಟಿಕೊಡಲು ಹುಬ್ಬಳ್ಳಿಯಿಂದ ಚೀಲಗಟ್ಟಲೆ ರದ್ದಿ ಕಾಗದ ಬರುತ್ತಿತ್ತು. ಚೀಲ ಬಿಚ್ಚಿದ ದಿನ ಅಕ್ಕ ಮತ್ತು ನಾನು ಖಾಲಾಳ ಪಡಸಾಲೆಯಲ್ಲಿ ಹಾಜರು. ಮರಾಠಿ ಪತ್ರಿಕೆ, ಹಳೇ ಪರೀಕ್ಷೆಯ ಪೇಪರು, ಯಾರದೋ ಲಗ್ನಪತ್ರ, ಎಲ್ಲ ಬರುತ್ತಿದ್ದವು. ಅದರಲ್ಲಿ ಒಂದು ದಿನ ಬಂತು ಆ ಪುಸ್ತಕ. ರಟ್ಟು ಇಲ್ಲ, ಹಿಂದೆ ಮುಂದೆ ಹರಿದುಹೋಗಿ ನಡುವಿನ ಮೂವತ್ತೋ ನಲವತ್ತೋ ಪುಟ. ಕಾಗದ ದೊರಗು, ಬಣ್ಣ ಮಾತ್ರ ತಿಳಿ ಗುಲಾಬಿ. ಕೆಳತುದಿಗೆಲ್ಲ ಎಣ್ಣೆ ಹತ್ತಿತ್ತು. ಅಕ್ಷರ ನೋಡಿದರೆ ಹೊಲದ ಬೇಲಿ ಮುರಿದು ಬಿದ್ದಂತೆ. ಅಪ್ಪನಿಗೆ ತೋರಿಸಿದರೆ ಚೀನಾದ್ದಿರಬೇಕು ಎಂದು ತೀರ್ಪು ಕೊಟ್ಟ. ಅವನಿಗೆ ಧಾರವಾಡದ ಆಚೆಗಿನದೆಲ್ಲ ಚೀನಾವೇ.

ನಮಗೆ ಮೊದಲು ಹಿಡಿಸಿದ್ದು ಹಾಸಿಗೆ. ಆ ಚಿತ್ರಗಳಲ್ಲಿ ಮಂಚ ಇರಲಿಲ್ಲ. ನಮ್ಮಂತೆಯೇ ನೆಲದ ಮೇಲೆ ಹಾಸಿಕೊಂಡು ಮಲಗುತ್ತಿದ್ದರು, ಬೆಳಗ್ಗೆ ಮಡಚಿ ಮೂಲೆಗೆ ಇಡುತ್ತಿದ್ದರು. ಇವರು ನಮ್ಮ ಪೈಕಿಯವರೇ ಎಂದು ಅಕ್ಕ ಹೇಳಿದಳು. ಅವತ್ತಿನಿಂದಲೇ ಓದಿ ಹೇಳತೊಡಗಿದಳು. ಒಂದಕ್ಷರ ಬರುತ್ತಿರಲಿಲ್ಲ, ಆದರೆ ಗುಳ್ಳೆಯ ಮೇಲೆ ಬೆರಳಿಟ್ಟರೆ ಸಾಕು, ಮಾತು ಬರುತ್ತಿತ್ತು. ದೊಡ್ಡ ಹುಡುಗಿಗೆ ಪಾರವ್ವ ಎಂದು ಹೆಸರಿಟ್ಟಳು, ಅವಳ ತಂಗಿಗೆ ಚಿನ್ನವ್ವ. ಕನ್ನಡಕದ ಡಾಕ್ಟರು ಬಾಯಿ ತೆರೆದರೆ, ಎಣ್ಣಿ ಪಲ್ಯ ಬ್ಯಾಡ್ರಿ, ಗಂಜಿ ಅಷ್ಟ ಕುಡಸ್ರಿ ಎನ್ನುತ್ತಿದ್ದರು. ಚಿನ್ನವ್ವ ಥೇಟು ನನ್ನಂತೆ ಅಂಜುಬುರುಕಿ, ಗಣಿತದಲ್ಲಿ ಸೊನ್ನೆ. ಅದನ್ನು ಮಾತ್ರ ಅಕ್ಕ ಬೇಕಂತಲೇ ಸೇರಿಸಿದ್ದಳೆಂದು ನನಗೆ ಆಗಲೇ ಅನುಮಾನವಿತ್ತು.

ಕಥೆ ಹೀಗೆ. ಮೊದಲ ಪುಟ ಪೂರ್ತಿ ಒಂದೇ ಚಿತ್ರ: ಖಾಲಿ ಕೋಣೆ, ತೆರೆದ ಕಿಟಕಿ, ಮಡಚಿಟ್ಟ ಹಾಸಿಗೆ. ಪಾರವ್ವ ಇನ್ನೂ ಆ ಮನೆಗೆ ಬಂದಿಲ್ಲ, ಅದಕ್ಕೆ ಹಾಸಿಗೆ ಮಡಚಿಟ್ಟಿದ್ದಾರೆ ಎಂದು ಅಕ್ಕ ಬಿಡಿಸಿ ಹೇಳಿದಳು. ಮುಂದೆ ಪಾರವ್ವ ಜ್ವರ ಬಂದು ಮಲಗಿರುತ್ತಾಳೆ, ಅವ್ವ ಗಾಳಿ ಬೀಸುತ್ತಾಳೆ. ಪುಟ ತಿರುವಿದಂತೆ ಪಾರವ್ವ ಎದ್ದು ಕೂಡುತ್ತಾಳೆ, ಕೆನ್ನೆ ತುಂಬಿಕೊಳ್ಳುತ್ತವೆ, ಅಂಗಳಕ್ಕಿಳಿಯುತ್ತಾಳೆ, ಕೊನೆಗೆ ಚಿನ್ನವ್ವನ ಕೈ ಹಿಡಿದು ಹಳ್ಳದ ನೀರಿನಲ್ಲಿ ಓಡುತ್ತಾಳೆ. ನಡುವೆ ಒಂದೆರಡು ವಿಚಿತ್ರ ಇದ್ದವು. ನೆಲದ ಮೇಲೆ ಚೆಲ್ಲಿದ್ದ ಹಾಲು ಮುಂದಿನ ಚಿತ್ರದಲ್ಲಿ ವಾಪಸು ಬಟ್ಟಲಲ್ಲಿರುತ್ತಿತ್ತು. ಹರಿದ ಗಾಳಿಪಟ ತಾನಾಗಿ ಕೂಡಿಕೊಳ್ಳುತ್ತಿತ್ತು. ಇದು ಹೆಂಗ ಎಂದು ಕೇಳಿದರೆ ಆ ದೇಶದಾಗ ಹಂಗ ಎನ್ನುತ್ತಿದ್ದಳು ಅಕ್ಕ. ನನಗೆ ಆ ದೇಶ ಬಹಳ ಮನಸ್ಸಿಗೆ ಬಂದಿತ್ತು.

ಆ ವರ್ಷ ಬೇಸಿಗೆಯಲ್ಲಿ ಅಕ್ಕನಿಗೆ ಜ್ವರ ಬಂತು. ನಮ್ಮ ಕಡೆ ಅದಕ್ಕೆ ಮುದ್ದತ್ತಿನ ಜ್ವರ ಎನ್ನುತ್ತಾರೆ. ಡಾಕ್ಟರು ಟೈಫಾಯಿಡ್ ಎಂದರು. ಮುದ್ದತ್ತು ಎಂದರೆ ಗಡುವು. ಏಳು ದಿನಕ್ಕೆ ಇಳಿಯಬೇಕು, ಇಲ್ಲವಾದರೆ ಹದಿನಾಲ್ಕಕ್ಕೆ, ಅದೂ ಇಲ್ಲವಾದರೆ ಇಪ್ಪತ್ತೊಂದಕ್ಕೆ. ಇಪ್ಪತ್ತೊಂದಕ್ಕೂ ಇಳಿಯದಿದ್ದರೆ ಏನು ಎಂದು ನಾನು ಕೇಳಿದಾಗ ಅವ್ವ ಎದ್ದು ಒಳಗೆ ಹೋದಳು. ಹಿಂದಿನ ವರ್ಷ ಹಿರೇಬೆಂಡಿಗೇರಿಯ ನಮ್ಮ ಬಳಗದ ಹುಡುಗಿಯೊಬ್ಬಳು ಇದೇ ಜ್ವರದಲ್ಲಿ ಹೋಗಿದ್ದಳು. ಮನೆಯಲ್ಲಿ ಅವಳ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ.

ನನಗೆ ಪಾರವ್ವನ ಪುಸ್ತಕವೇ ಗತಿಯಾಯಿತು. ದಿನಕ್ಕೊಂದು ಸಲ ಮೊದಲಿಂದ ಕೊನೆತನಕ, ಅಕ್ಕ ಕಲಿಸಿದ ಮಾತುಗಳನ್ನೇ ಪಾರಾಯಣ ಮಾಡುತ್ತಿದ್ದೆ. ಪಾರವ್ವ ಎದ್ದು ಓಡಿದಳೆಂದರೆ ನಮ್ಮ ಅಕ್ಕನೂ ಏಳುತ್ತಾಳೆ ಎಂಬುದು ನನ್ನ ಲೆಕ್ಕ. ಏಳನೇ ದಿನ ಜ್ವರ ಇಳಿಯಲಿಲ್ಲ. ನಾನು ಪಾರಾಯಣವನ್ನು ದಿನಕ್ಕೆ ಎರಡಕ್ಕೆ ಏರಿಸಿದೆ.

ಒಂಬತ್ತನೇ ದಿನ ಅವ್ವ ನನ್ನನ್ನು ಖಾಲಾಳ ಮನೆಗೆ ದಬ್ಬಿದಳು, ರೋಗಿಯ ಹತ್ತಿರ ಗದ್ದಲ ಬೇಡವೆಂದು. ನಾನು ಹೊಸ್ತಿಲಲ್ಲಿ ಕೂತು ಗುಣುಗುಣು ಓದುತ್ತಿದ್ದೆ. ಖಾಲಾ ಕಡಲೆಬೇಳೆ ಹಸನು ಮಾಡುತ್ತಿದ್ದಳು. ಅವಳಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಉರ್ದು ಮಾತ್ರ ಸಣ್ಣಂದಿನಲ್ಲಿ ಕಲಿತಿದ್ದಳು. ಸ್ವಲ್ಪ ಹೊತ್ತು ನನ್ನನ್ನೇ ನೋಡಿ ಹೇಳಿದಳು:

“ಬೇಟಿ, ಕಿತಾಬು ಉಲ್ಟಾ ಓದಾಕತ್ತೀಯಲ್ಲ.”

ನನಗೆ ನಗು ಬಂತು. ಅದು ನಿಮ್ಮ ಉರ್ದು ಅಲ್ಲ ಖಾಲಾ ಎಂದೆ. ಅವಳು ಮೊರ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಪುಸ್ತಕ ತೆಗೆದುಕೊಂಡು ಬಲಗಡೆಯಿಂದ ತೆರೆದಳು. ಬೆರಳಿಟ್ಟು ತೋರಿಸಿದಳು. ನೋಡು, ಅಕ್ಕತಂಗಿ ನೀರಾಗ ಆಡಾಕತ್ತಾರ. ನೋಡು, ಬಟ್ಟಲಾಗ ಹಾಲೈತಿ, ಇಲ್ಲಿ ಕೈಜಾರಿ ಚೆಲ್ಲೇತಿ. ಗಾಳಿಪಟ ಹರದೈತಿ. ಹುಡುಗಿಗೆ ಜ್ವರ ಬಂದೈತಿ. ಹಾಗೇ ಪುಟ ತಿರುವುತ್ತ ಹೋದವಳು ಕೊನೆಯ ಪುಟಕ್ಕೆ ಬಂದು ನಿಂತುಬಿಟ್ಟಳು. ಖಾಲಿ ಕೋಣೆ, ತೆರೆದ ಕಿಟಕಿ, ಮಡಚಿಟ್ಟ ಹಾಸಿಗೆ. ಪುಸ್ತಕ ಮುಚ್ಚಿದಳು. ನನ್ನ ತಲೆಯನ್ನು ಎಳೆದು ಎದೆಗೆ ಒತ್ತಿಕೊಂಡಳು. ಅವಳ ಕೈ ಕಡಲೆಬೇಳೆಯ ವಾಸನೆ ಹೊಡೆಯುತ್ತಿತ್ತು.

ಆದರೂ ನಾನು ನಂಬಲಿಲ್ಲ. ಮನೆಗೆ ಬಂದು ಪುಸ್ತಕದ ಅಡಿಯಲ್ಲಿ ಎಣ್ಣೆ ಹತ್ತಿದ ಜಾಗವನ್ನು ಬಿಸಿಲಿಗೆ ಹಿಡಿದೆ. ಅಕ್ಷರ ಬೇಲಿಯಾಗಿದ್ದರೂ ಅಂಕಿಗಳು ನಮ್ಮ ಶಾಲೆಯ ಇಂಗ್ಲಿಷ್ ಅಂಕಿಗಳೇ. ಅಷ್ಟು ದಿನ ನಾನು ಅತ್ತ ಕಣ್ಣೇ ಹಾಯಿಸಿರಲಿಲ್ಲ, ಅಂಕಿ ಕಂಡರೆ ಮುಖ ತಿರುಗಿಸುವುದು ನನ್ನ ಹುಟ್ಟುಗುಣ. ಹಳ್ಳದ ಪುಟ ಎಂಬತ್ತೇಳು. ಮುಂದಿನದು ಎಂಬತ್ತೆಂಟು. ಏರುತ್ತ ಏರುತ್ತ ಖಾಲಿ ಕೋಣೆಯದು ನೂರಾ ಹದಿನೆಂಟು. ಜೀವನದಲ್ಲಿ ಮೊದಲ ಸಲ ಒಂದು ಲೆಕ್ಕ ನನಗೆ ತಪ್ಪಿಲ್ಲದೆ ಬಂದಿತ್ತು.

ಅಷ್ಟೇ ಅಲ್ಲ. ಒಂಬತ್ತು ದಿನ ದಿನಾಲೂ ನಾನು ಓದಿದ್ದು ಉಲ್ಟಾ. ಉಲ್ಟಾ ಮಂತ್ರ ಹೇಳಿದರೆ ಏನಾಗುತ್ತದೆಂದು ನಮ್ಮೂರಲ್ಲಿ ಕೂಸಿಗೂ ಗೊತ್ತು. ಜ್ವರ ಇಳಿಯದಿದ್ದದ್ದು ನನ್ನಿಂದಲೇ ಎಂದು ಖಾತ್ರಿಯಾಯಿತು. ಯಾರಿಗೆ ಹೇಳಲಿ? ಅವ್ವನಿಗೆ ಹೇಳಿದರೆ ಅವಳ ಜೀವ ನಿಲ್ಲುವುದಿಲ್ಲ. ಅಪ್ಪ ಮೊದಲೇ ಊಟ ಬಿಟ್ಟಿದ್ದ. ಅಕ್ಕನಿಗಂತೂ ಗೊತ್ತಾಗಲೇಬಾರದು, ಪಾರವ್ವನ ಗತಿ ತಿಳಿದರೆ ಅವಳು ಉಳಿಯುವುದಿಲ್ಲ. ಎಂಟು ವರ್ಷದ ನಾನು ಆ ಕೊನೆಯ ಪುಟವನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಓಡಾಡಿದೆ.

ಮಡಚಿದ ಹಾಸಿಗೆಯನ್ನು ಕಣ್ಣಿಂದ ನೋಡಲಾಗುತ್ತಿರಲಿಲ್ಲ. ಬೆಳಗ್ಗೆ ಎದ್ದು ನನ್ನ ಹಾಸಿಗೆ ಮಡಚುವುದನ್ನು ಬಿಟ್ಟೆ. ಅವ್ವ ಅಪ್ಪ ಮಡಚಿಟ್ಟದ್ದನ್ನೂ ಯಾರೂ ಇಲ್ಲದಾಗ ಬಿಚ್ಚಿ ಹಾಸುತ್ತಿದ್ದೆ. ಮನೆ ಕಷ್ಟದಲ್ಲಿರುವಾಗ ಈ ಹುಡುಗಿಗೆ ಮೈಗಳ್ಳತನ ಬಂದಿದೆಯೆಂದು ಅವ್ವ ಬೆನ್ನಿಗೆ ಒಂದು ಕೊಟ್ಟಳು. ಕೊಟ್ಟದ್ದು ಒಳ್ಳೆಯದೇ ಆಯಿತು, ಅಳಲು ಒಂದು ನೆವ ಸಿಕ್ಕಿತು. ಒಂದೆರಡು ಸಲ ಅಕ್ಕ ಹಾಸಿಗೆಯಿಂದಲೇ ಪುಸ್ತಕ ಎಲ್ಲಿ ಎಂದು ಕೇಳಿದಳು. ಕಳೆದಿದೆ ಎಂದೆ. ಅವಳು ಹೋಗಲಿ ಬಿಡು ಎಂದು ಗೋಡೆಯ ಕಡೆ ತಿರುಗಿ ಮಲಗಿದಳು. ಹದಿನಾಲ್ಕನೇ ದಿನವೂ ಜ್ವರ ಇಳಿಯಲಿಲ್ಲ.

ಆಗ ನಾನು ಕೊನೆಯ ಪುಟವನ್ನು ಹರಿದೆ. ಪುಟವೇ ಇಲ್ಲದಿದ್ದರೆ ಸಾವೂ ಇಲ್ಲವಲ್ಲ. ಆದರೆ ಹರಿದದ್ದನ್ನು ಏನು ಮಾಡುವುದು? ಅಕ್ಷರವಿರುವ ಕಾಗದ ಸರಸ್ವತಿ, ಒಲೆಗೆ ಹಾಕಬಾರದು, ಕಾಲಿಗೆ ಸೋಕಿಸಬಾರದು ಎಂದು ಅವ್ವನ ಕಟ್ಟಪ್ಪಣೆ. ಬಹಳ ಯೋಚಿಸಿ ಅದನ್ನು ಒಯ್ದು ಖಾಲಾಳ ಪಡಸಾಲೆಯ ರದ್ದಿಯ ನಡುವೆ ತುರುಕಿಬಂದೆ. ಯಾರಾದರೂ ಖಾರ ಕಟ್ಟಿಸಿಕೊಂಡು ಶಿಗ್ಗಾವಿಗೋ ಹಾವೇರಿಗೋ ಒಯ್ಯಲಿ, ಸಾವು ಬಸ್ಸು ಹತ್ತಿ ಪರಊರಿಗೆ ಹೋಗಲಿ ಎಂದು. ಪರಊರಿನವರ ಪಾಡೇನು ಎಂದು ಯೋಚಿಸುವಷ್ಟು ಒಳ್ಳೆಯವಳು ನಾನಾಗಿರಲಿಲ್ಲ.

ಇಪ್ಪತ್ತನೇ ದಿನ ಮಧ್ಯಾಹ್ನ ಹಿರೇಕೆರೂರಿನಿಂದ ನಮ್ಮ ಸೋದರತ್ತೆ ಅಕ್ಕನನ್ನು ನೋಡಲು ಬಂದಳು. ಬರಿಗೈಲಿ ಬರಬಾರದೆಂದು ಬಸ್ ಸ್ಟ್ಯಾಂಡಿನಲ್ಲಿ ಇಳಿದವಳೇ ಖಾರ ಕಟ್ಟಿಸಿಕೊಂಡು ಬಂದಿದ್ದಳು, ಟೈಫಾಯಿಡ್ ರೋಗಿಗೆ. ಅವ್ವ ಬೈಯಲಾರದೆ, ನುಂಗಲಾರದೆ, ಪೊಟ್ಟಣ ಬಿಚ್ಚಿ ಖಾರವನ್ನು ಡಬ್ಬಿಗೆ ಸುರಿದಳು. ಕಾಗದ ಕೆಳಗೆ ಬಿತ್ತು. ಗುಲಾಬಿ ಬಣ್ಣದ ಕಾಗದ. ಫ್ಯಾನಿಲ್ಲದ ಮನೆಯಲ್ಲಿ ಯಾವ ಗಾಳಿಗೆ ಹಾರಿತೋ ಕಾಣೆ, ಅಕ್ಕನ ಹಾಸಿಗೆಯ ಅಂಚಿಗೆ ಹೋಗಿ ಬಿತ್ತು. ನಾನು ಎರಡು ಹೆಜ್ಜೆ ಇಡುವಷ್ಟರಲ್ಲಿ ಅವಳ ಕೈಯಲ್ಲಿತ್ತು.

ಅಕ್ಕ ಬಹಳ ಹೊತ್ತು ನೋಡಿದಳು. ಅವಳ ಕಣ್ಣು ಗುಳಿಬಿದ್ದು ಪಾರವ್ವನ ಕಣ್ಣಿನಷ್ಟೇ ದೊಡ್ಡವಾಗಿದ್ದವು. ಅತ್ತೆ ಬಸ್ಸಿನ ಧೂಳಿನ ಬಗ್ಗೆ ಮಾತಾಡುತ್ತಿದ್ದಳು. ಕೊನೆಗೆ ಅಕ್ಕ ಬೆರಳಿನಿಂದ ನನ್ನನ್ನು ಹತ್ತಿರ ಕರೆದಳು.

“ಇದು ಮೊದಲ್ನೇದಲ್ಲ, ಕಡೇ ಪುಟ ಅನಸ್ತೈತಿ. ಪಾರವ್ವ ಎದ್ದು ನೀರಿಗೆ ಹೋಗ್ಯಾಳ ನೋಡು. ಸತ್ತೋರ ಹಾಸಿಗಿ ಯಾರರ ಹಿಂಗ ಮಡಚಿ ಇಡ್ತಾರೇನು? ಊರ ಹೊರಗ ಒಗದು ಬರ್ತಾರ. ಇಕಿ ತಾನ ಎದ್ದು, ತಾನ ಮಡಚಿಟ್ಟು ಹೋಗ್ಯಾಳ.”

ಹೌದಲ್ಲ! ಹಿರೇಬೆಂಡಿಗೇರಿಯ ಹುಡುಗಿ ಹೋದಾಗ ಅವಳ ಹಾಸಿಗೆಯನ್ನು ಹಳ್ಳದ ದಂಡೆಗೆ ಒಗೆದು ಬಂದಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೆ. ಈ ಸೂಕ್ಷ್ಮ ಖಾಲಾಳಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಹನ್ನೊಂದು ದಿನದಿಂದ ಬಿಗಿಹಿಡಿದ ಹೊಟ್ಟೆ ಸಡಿಲಾಯಿತು. ಯಾರೂ ಸಾವಿನ ಮಾತೇ ಎತ್ತದಿರುವಾಗ ಅಕ್ಕ ಯಾಕೆ ಸತ್ತವರ ಹಾಸಿಗೆಯ ಸುದ್ದಿ ತೆಗೆದಳು ಎಂಬ ಪ್ರಶ್ನೆ ಆಗ ನನ್ನ ತಲೆಗೆ ಬರಲಿಲ್ಲ. ಅವತ್ತು ಸಂಜೆ ಮೂರು ರೊಟ್ಟಿ ತಿಂದೆ.

ಇಪ್ಪತ್ತೆರಡನೇ ದಿನ ಬೆಳಗ್ಗೆ ಅಕ್ಕ ಬೆವೆತು ಎದ್ದಳು, ಜ್ವರ ಇಳಿದಿತ್ತು. ಒಂದು ತಿಂಗಳು ಗಂಜಿ ಕುಡಿದು, ಉದುರಿದ ಕೂದಲು ಮತ್ತೆ ಬಂದು, ಗಣಿತದಲ್ಲಿ ಮತ್ತೆ ಮೊದಲಿಗಳಾದಳು. ಪುಸ್ತಕದ ಉಳಿದ ಪುಟಗಳು ಮನೆ ಬದಲಿಸುವಾಗ ಎಲ್ಲಿ ಹೋದವೋ. ಆ ಒಂದು ಪುಟವನ್ನು ಮಾತ್ರ ನಾನು ನನ್ನ ಟ್ರಂಕಿನ ಅಡಿಯಲ್ಲಿ ಕಾಪಾಡಿಕೊಂಡು ಬಂದೆ.

ಹತ್ತಾರು ವರ್ಷ ಕಳೆದವು. ನಾನು ಶಿಗ್ಗಾವಿಯಲ್ಲಿ ಮಾಸ್ತರಿಣಿಯಾದೆ. ಅಕ್ಕನನ್ನು ಹಾನಗಲ್ಲಿಗೆ ಕೊಟ್ಟಿದ್ದರು. ಮಾಮಾ, ಅಂದರೆ ಅಕ್ಕನ ಗಂಡ, ಭತ್ತ ಬೆಳೆಯುವವರು. ಒಂದು ಸಲ ಅಕ್ಕನ ಕಾರ್ಡು ಬಂತು. ಗದ್ದೆ ಉಳುವ ಸಣ್ಣ ಯಂತ್ರ ತೋರಿಸಲು ಜಪಾನಿನವನೊಬ್ಬ ಬಂದಿದ್ದಾನೆ, ಭಾನುವಾರ ನಮ್ಮಲ್ಲೇ ಊಟಕ್ಕೆ, ನೀನೂ ಬಾ ಎಂದು. ಆ ಹೊತ್ತಿಗೆ ನನಗೆ ಅದು ಚೀನಾ ಅಲ್ಲ, ಜಪಾನಿನ ಅಕ್ಷರ ಎಂದು ತಿಳಿದಿತ್ತು. ಇಷ್ಟು ವರ್ಷ ಯಾರೂ ಅನುವಾದ ಮಾಡದ ಪುಸ್ತಕ, ಈಗ ಅನುವಾದಕನೇ ಮನೆಬಾಗಿಲಿಗೆ ಬಂದಿದ್ದಾನೆ! ಪುಟವನ್ನು ಪರ್ಸಿನಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಹಾನಗಲ್ಲು ಹತ್ತಿರವಾದಂತೆ ಹಳೇ ಹೆದರಿಕೆ ಮರಳಿ ಬಂತು. ಅಕ್ಕನ ಅರ್ಥವೇ ಸರಿಯೆಂದು ಅವನು ಹೇಳಿದರೆ ಸರಿ. ಹೇಳದಿದ್ದರೆ? ಮಾಸ್ತರಿಣಿಗೆ ಇದೆಂಥ ಹೆದರಿಕೆ ಎಂದು ನನ್ನನ್ನು ನಾನೇ ಬೈದುಕೊಂಡೆ.

ಜಪಾನಿನವನು ಪಾಪ, ನೆಲದ ಮೇಲೆ ಚೆಂದಾಗಿ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಎಣ್ಣೆಗಾಯಿಯ ಖಾರಕ್ಕೆ ಅವನ ಕಣ್ಣಲ್ಲಿ ನೀರು. ನನ್ನ ಹರಕು ಇಂಗ್ಲಿಷಿನಲ್ಲಿ ಕೇಳಿ ಪುಟ ಕೊಟ್ಟೆ. ಎಡಗೈಯಲ್ಲಿ ಹಿಡಿದು ನೋಡಿದ. ಖಾಲಿ ಕೋಣೆಯ ಮೂಲೆಯಲ್ಲಿ ಎರಡು ಸಾಲು ಬರಹವಿತ್ತು. ಅವನ ತುಟಿ ಅಲ್ಲಾಡಿದವು. ಓದಿ ಮುಗಿಸಿ, ನನ್ನನ್ನು ನೋಡಿ, ಇಂಗ್ಲಿಷ್ ಶಬ್ದ ಹುಡುಕುತ್ತ ಬಾಯಿ ತೆರೆದ. ಅಷ್ಟರಲ್ಲಿ ಅನ್ನ ಬಡಿಸಲು ಬಂದ ಅಕ್ಕ ಅವನ ಕೈಯಿಂದ ಪುಟವನ್ನು ಸರಕ್ಕನೆ ತೆಗೆದುಕೊಂಡಳು.

“ಊಟ ಮಾಡ್ರಿ ಮೊದಲ, ಅನ್ನ ಆರತೈತಿ,” ಎಂದು ಕನ್ನಡದಲ್ಲೇ ಅವನಿಗೆ ಹೇಳಿ ಒಳಗೆ ನಡೆದಳು.

ನಾನು ಹಿಂದೆಯೇ ಅಡುಗೆಮನೆಗೆ ಓಡಿದೆ. ಅಕ್ಕ ಒಲೆಯ ಮುಂದೆ ಕೂತಿದ್ದಳು. ಪುಟ ಆಗಲೇ ಬೆಂಕಿಯಲ್ಲಿತ್ತು. ಎಣ್ಣೆ ಕುಡಿದ ಕಾಗದ, ಭಗ್ಗನೆ ಉರಿದುಹೋಯಿತು. ನನಗೆ ಸಿಟ್ಟು ಬಂತು, ಏನು ಮಾಡಿದೆ ಇದನ್ನು ಎಂದು ಕೂಗಿದೆ. ಅವಳು ನನ್ನ ಕಡೆ ತಿರುಗಲಿಲ್ಲ.

“ಅದು ಬಲಗಡಿಂದ ಓದೂ ಪುಸ್ತಕ ಐತಿ, ತಂಗಿ. ಮೊದಲ್ನೇ ದಿನಾನ ನಂಬರ ನೋಡಿದ್ದೆ. ಪಾರವ್ವ ಸಾಯ್ತಾಳ.”

ನಾನು ಅವಳ ಪಕ್ಕ ಕೂತೆ. ಅವಳು ಒಲೆಯೊಳಗಿನ ಕಟ್ಟಿಗೆ ಸರಿಸುತ್ತ ನಿಧಾನವಾಗಿ ಹೇಳಿದಳು. ನೀನು ಅಂಜುಬುರುಕಿ, ಇದ್ದದ್ದನ್ನು ಇದ್ದಂತೆ ಹೇಳಿದರೆ ಊಟ ಬಿಡುತ್ತಿದ್ದೆ, ಅದಕ್ಕೇ ತಿರುಗಿಸಿ ಓದಿ ಹೇಳಿದೆ ಎಂದಳು. ನಿನಗಾಗಿ ಆ ಹುಡುಗಿಯನ್ನು ಎಬ್ಬಿಸಿ ಓಡಾಡಿಸಿದೆ, ಆಮೇಲೆ ನನಗೇ ಜ್ವರ ಬಂತಲ್ಲ ಎಂದಳು. ಅವಳ ಧ್ವನಿ ನಡುಗುತ್ತಿತ್ತು. ನಮ್ಮ ಮನೆಯ ಧೈರ್ಯವನ್ನೆಲ್ಲ ಗುತ್ತಿಗೆ ಹಿಡಿದವಳ ಧ್ವನಿ ನಡುಗುವುದನ್ನು ನಾನು ಆವರೆಗೆ ಕೇಳಿರಲಿಲ್ಲ.

“ಕಣ್ಣು ಮುಚ್ಚಿದ್ರ ಆ ಮಡಚಿದ ಹಾಸಿಗೀನ ಕಾಣತಿತ್ತು. ಇಪ್ಪತ್ತೊಂದು ದಿನ ಒಬ್ಬಾಕೀನ ಅಂಜಿಕೊಂತ ಮಲಗಿದ್ದೆ. ತಂಗಿಗ್ಯಾರ ಗೊತ್ತಿಲ್ಲಲ್ಲ, ಆಕಿಯಾರ ನಿಶ್ಚಿಂತಿ ಮಲಗತಾಳಲ್ಲ ಅನ್ನೂದೊಂದ ಸಮಾಧಾನ ಇತ್ತು ನೋಡು ನನಗ. ಅದೊಂದರ ಮ್ಯಾಲ ಉಳಕೊಂಡೆ.”

ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅದೇ ಚಾವಣಿಯ ಕೆಳಗೆ, ಅವಳಿಂದ ಎರಡು ಮೊಳ ದೂರದಲ್ಲಿ, ಅದೇ ಹಾಸಿಗೆಗೆ ಹೆದರಿ ನಾನೂ ಎಚ್ಚರವಿದ್ದೆ. ಅವಳ ಉಸಿರು ಎಣಿಸುತ್ತಿದ್ದೆ. ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಮುಖ ನೋಡಿದಳು.

“ನನಗೇನ ಗೊತ್ತಿತ್ತವಾ,” ಎಂದೆ. “ನಾ ಗಡದ್ದಾಗಿ ಮಲಗತಿದ್ದೆ.”

ಅಕ್ಕ ಈಗಲೂ ಹಾನಗಲ್ಲಿನಲ್ಲೇ ಇದ್ದಾಳೆ. ಆ ಎರಡು ಸಾಲಿನಲ್ಲಿ ಏನಿತ್ತೆಂದು ಇಬ್ಬರಿಗೂ ಗೊತ್ತಿಲ್ಲ; ಗೊತ್ತಾಗುವುದೂ ಬೇಡ, ಅನುವಾದವೆಂದರೆ ನನಗೆ ಹೆದರಿಕೆ ಅದಕ್ಕೇ. ಕಣ್ಣಿಗೆ ಪೊರೆ ಬಂದು ಓದುವುದು ನಿಂತಿದೆ, ಹಾಗಾಗಿ ಇದನ್ನು ಬರೆಯುವ ಧೈರ್ಯ ಮಾಡಿದ್ದೇನೆ. ನೀವು ಆ ಕಡೆ ಹೋದರೆ, ಅವಳು ಕಂಡರೆ, ಕೂಡಿಸಿ ಊಟಕ್ಕೆ ಹಾಕದೆ ಬಿಡುವುದಿಲ್ಲ. ಹೊಟ್ಟೆ ತುಂಬ ಉಣ್ಣಿ, ಏನು ಬೇಕಾದರೂ ಮಾತಾಡಿ. ನನಗೆ ಗೊತ್ತಿತ್ತು ಎಂಬುದೊಂದನ್ನು ಮಾತ್ರ ಅವಳಿಗೆ ಹೇಳಬೇಡಿ.